ಗಲಾಟೆ ತೆಗೆದ ಹಾಡು

ಕಂಪ್ಯೂಟರಿನಲ್ಲಿ ಮುದ್ದಣ್ಣ ಮಾಷ್ಟ್ರ ಹಾಡು ಮುಗಿಯಿತು. ಅದನ್ನು ಕೇಳಲೆಂದೇ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ಮಾಷ್ಟ್ರು ತಮ್ಮ ಸ್ವರಕ್ಕೆ ತಾವೇ ತಲೆದೂಗಿದರು. ಪಕ್ಕದ ಕುರ್ಚಿಯಲ್ಲಿದ್ದ ಕಮಲ ಮಾತ್ರ ಅಲ್ಲಾಡಲಿಲ್ಲ.

“ಇದರಲ್ಲಿ ಕಿನ್ನಿ ಎಲ್ಲಿ?” ಎಂದು ಕೇಳಿದಳು.

ಕುಶಲನಿಗೆ ಅರ್ಥವಾಗಲಿಲ್ಲ. ಎಂಡೋಸಲ್ಫಾನ್ ಪೀಡಿತ ಮಕ್ಕಳ ಸಹಾಯಕ್ಕೆಂದು ಜಿಲ್ಲೆಯಲ್ಲಿ ನಡೆದ ಹಾಡಿನ ಕಾರ್ಯಕ್ರಮಗಳ ಕ್ಯಾಸೆಟ್, ಫೋಟೊ, ನೋಟೀಸುಗಳನ್ನೆಲ್ಲ ಹುಡುಕಿ ತಂದು ಕುಂಬ್ಡಾಜೆಯ ವಾಚನಾಲಯದ ಕಪಾಟಿನಲ್ಲಿ ಜೋಡಿಸುವುದು ಅವನ ಎರಡು ವರ್ಷದ ಹುಚ್ಚು. 2004ರಲ್ಲಿ ನಾಯ್ಮಾರ್ಮೂಲೆಯಲ್ಲಿ ನಡೆದ ಕಾರ್ಯಕ್ರಮದ ಕ್ಯಾಸೆಟ್ ಉಳಿದದ್ದು ಕಮಲಳ ಮನೆಯಲ್ಲಿ ಮಾತ್ರ. ಮೈಕಿನವನು ಕೊಟ್ಟದ್ದನ್ನು ಹನ್ನೆರಡು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಕಾಪಾಡಿದ್ದಳು. ಕೇಳೋಣವೆಂದರೆ ಮನೆಯ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಗಿತ್ತು.

“ಹಾಡು ಚಂದ ಕೇಳ್ತದಲ್ಲ ಕಮಲಕ್ಕ? ಎರಡು ವಾರ ಕೂತು ಗಲಾಟೆ ಎಲ್ಲ ತೆಗೆದಿದ್ದೇನೆ,” ಎಂದ ಕುಶಲ್.

“ಎಂತ ಗಲಾಟೆ?”

“ಯಾವುದೋ ಮಗು ಊ ಊ ಅಂತ ಇತ್ತು, ಹಾಡಿನ ಉದ್ದಕ್ಕೂ.”

“ಯಾವುದೋ ಮಗು ಅಲ್ಲ ಮಾರಾಯ, ನನ್ನ ಮಗಳು!”

ಕಿನ್ನಿಗೆ ಮಾತು ಬರುತ್ತಿರಲಿಲ್ಲ, ಕತ್ತು ನಿಲ್ಲುತ್ತಿರಲಿಲ್ಲ. ಹಾಡು ಕೇಳಿದರೆ ಮಾತ್ರ ಸ್ವರ ತೆಗೆಯುತ್ತಿದ್ದಳು. ಆ ಕಾರ್ಯಕ್ರಮದ ಮರುವರ್ಷ ತೀರಿಕೊಂಡಳು. ಅವಳ ಫೋಟೊಗಳಿಗೇನೂ ಬರವಿಲ್ಲ, ಪೇಪರಿನವರು ಬಂದು ಬಂದು ತೆಗೆದಿದ್ದರು. ಸ್ವರ ಇದ್ದದ್ದು ಈ ಕ್ಯಾಸೆಟ್ ಒಂದರಲ್ಲೇ.

ಕುಶಲ್ ಗಾಬರಿಯಲ್ಲಿ ಕಪಾಟು ತೆರೆದು ಹಳೆಯ ಕ್ಯಾಸೆಟ್ ಹೊರಗೆ ತೆಗೆದ. “ಸದ್ಯ, ಇದನ್ನು ಮುಟ್ಟಲಿಲ್ಲ ಅಕ್ಕ. ಇದರಲ್ಲಿ ಎಲ್ಲ ಹಾಗೇ ಉಂಟು.”

“ಈಗ ಅದೆಲ್ಲ ಯಾಕೆ?” ಎಂದರು ಮಾಷ್ಟ್ರು. “ಗಲಾಟೆ ತೆಗೆ ಅಂತ ನಾನೇ ಹೇಳಿದ್ದು. ಮುಂದೆ ಕೇಳುವವರಿಗೆ ಹಾಡು ಸರಿ ಕೇಳಬೇಡವಾ?”

“ದಮ್ಮಯ್ಯ ಮಾಷ್ಟ್ರೇ, ಒಂದೇ ಸಲ,” ಎಂದಳು ಕಮಲ.

ವಾಚನಾಲಯದ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ತಿರುಗಿತು. ಹಾಡಿನ ಜೊತೆಗೇ ಒಂದು ‘ಊ’ ಎದ್ದಿತು. ಪಲ್ಲವಿ ಬಂದಾಗಲೆಲ್ಲ ಜೋರಾಯಿತು. ಕಮಲ ಮೇಜಿನ ಅಂಚು ಹಿಡಿದುಕೊಂಡಳು. ಎರಡನೆಯ ಚರಣದಲ್ಲಿ ಹಾಡು ಫಕ್ಕನೆ ನಿಂತಿತು. ಮೈಕಿನಲ್ಲಿ ಮಾಷ್ಟ್ರದೇ ಸಿಡುಕು: “ಆ ಮಗುವನ್ನು ಸ್ವಲ್ಪ ಆಚೆ ಕೊಂಡುಹೋಗಿ. ಹಾಡ್ಲಿಕ್ಕೆ ಆಗುದಿಲ್ಲ.”

ಮಾಷ್ಟ್ರು ಎದ್ದು ಕ್ಯಾಸೆಟ್ ನಿಲ್ಲಿಸಲು ಕೈ ಚಾಚಿದರು.

“ಆ ಮಾತೊಂದನ್ನಾದರೂ ತೆಗೆ ಕುಶಲ್. ಕೇಳಿದವರು ಎಂತ ಹೇಳಿಯಾರು?”

ಕಮಲ ಅವರ ಕೈಗೆ ತನ್ನ ಕೈ ಅಡ್ಡ ಹಿಡಿದಳು.

“ಇರಲಿ ಮಾಷ್ಟ್ರೇ, ಇನ್ನೂ ಸ್ವಲ್ಪ ಕೇಳಿ,” ಎಂದಳು. “ನೀವು ನಿಲ್ಲಿಸಿದಿರಿ. ಅವಳು ನಿಲ್ಲಿಸಲಿಲ್ಲ.”