ಮುಟ್ಟದೆ ಬರೆದ ಬಂಡೆ

ಸರಿಯಾಗಿ ನಾಲ್ಕೂ ಹತ್ತಕ್ಕೆ ಅತ್ತೆ ಬಂಡೆಯತ್ತ ಕೈ ಚಾಚಿದರು. ಒದ್ದೆ ಬಣ್ಣದ ವಾಸನೆ ಬಂದರೆ ಈಗಲೂ ಆ ಕೈ ಕಣ್ಣಮುಂದೆ ಬರುತ್ತದೆ.

ಡ್ರಾಯಿಂಗ್ ಟೀಚರಾಗಿದ್ದ ಅತ್ತೆ, ಅಪ್ಪನ ತಂಗಿ, ಚಿಂತಾಮಣಿಯ ಬೆಟ್ಟದಲ್ಲಿ ನನಗೆ ಜಲವರ್ಣ ಕಲಿಸುತ್ತಿದ್ದರು. ಒಣ ಬ್ರಷ್ಷನ್ನು ಒರಟು ಕಾಗದದ ಮೇಲೆ ಎಳೆದರೆ ಕಲ್ಲಿನ ತರಿ ತಾನಾಗಿ ಮೂಡುತ್ತಿತ್ತು. ಬಂಡೆಯ ಕಪ್ಪು ಕಲೆಯನ್ನು ಮಾತ್ರ ನಾನು ದೂರದಿಂದಲೇ ಬರೆದಿದ್ದೆ.

"ಮುಟ್ಟಿ ನೋಡ್ದೆ ಕಲ್ಲು ಬರೀತಾರೇನೇ, ಸೋಮಾರಿ? ಇರು, ನಾನೇ ನೋಡ್ತೀನಿ" ಎಂದು ಅತ್ತೆ ಎದ್ದಿದ್ದರು.

ನಾನು ಚಿತ್ರ ನೋಡಿದೆ, ಬಂಡೆ ನೋಡಿದೆ. "ಅತ್ತೆ, ಮುಟ್ಬೇಡಿ! ನಾನು ಬರೆದಾಗ ಕಲೆ ಅಂಚು ಹಿಂಗಿರ್ಲಿಲ್ಲ. ಅಲ್ಲಾಡ್ತಿದೆ!"

ಅದು ಹೆಜ್ಜೇನು. ಅತ್ತೆ ನನ್ನನ್ನು ಸೆರಗಿನೊಳಗೆ ಎಳೆದುಕೊಂಡು ಕೆಳಗೆ ಓಡಿದರು. ಅವರ ಕತ್ತಿಗೆ ಮೂರು ಹುಳು ಕಚ್ಚಿದವು.

ಮನೆಯಲ್ಲಿ ಅಪ್ಪ, ಮೊದಲೇ ಯಾಕೆ ಗಮನಿಸಲಿಲ್ಲ ಎಂದು ನನ್ನನ್ನು ಬೈಯಲು ಹೊರಟಾಗ ಅತ್ತೆ ತಡೆದರು: "ಬೈಬೇಡ ಕಣಣ್ಣ. ಇವಳ ಕಣ್ಣು ಟೀಚರಿಗಿಂತ ಚೆನ್ನಾಗಿದೆ."

ಐದನೆಯ ದಿನ ಅವರ ಊತ ಇಳಿಯಿತು. ಆ ರಾತ್ರಿ ನಾನು ಒಮ್ಮೆಯೂ ಬೆಚ್ಚದೆ ಬೆಳಗಿನವರೆಗೆ ಮಲಗಿದೆ.