ಮೊದಲ ಗುಂಡಿನ ಮರ್ಯಾದೆ

"ತಕಾ ಬೀರು, ಮೊದಲ ಗುಂಡಿನ ಮರ್ಯಾದೆ ನಿಂದೇ," ಎನ್ನುತ್ತ ಹೇರಂಬ ಭಟ್ಟರು ಮಂಗ ಓಡಿಸುವ ಸಣ್ಣ ನಳಿಗೆಯ ಕೋವಿಯನ್ನು ಆಳು ಬೀರುವಿನ ಕೈಗಿತ್ತು, ತಾವು ಹಲಸಿನ ಮರದ ಹಿಂದೆ ಸರಿದು ನಿಂತರು.

ಜಗಲಿಯಲ್ಲಿದ್ದ ಹೆಂಡತಿ ವಸುಮತಿಗೆ ಮೈ ಉರಿಯಿತು. ಕಾರವಾರದಿಂದ ತಂದ ಹೊಗೆಯಿಲ್ಲದ ಹೊಸ ಕೋವಿಮದ್ದನ್ನು ಹಳೆಯ ಕರಿ ಮದ್ದಿನ ಅಳತೆಯಲ್ಲೇ ಗುಂಡಿನ ತೋಟಾಕ್ಕೆ ತುಂಬಿದರೆ ನಳಿಗೆ ಸಿಡಿದೀತೆಂದು ಅಂಗಡಿಯವನು ಎಚ್ಚರಿಸಿದ್ದನಂತೆ. "ಅಂವಂಗೆ ಎಂತ ಗೊತ್ತಿದ್ದು?" ಎಂದು ಅವಳೆದುರು ನಕ್ಕು, ಮೀಸೆ ತಿರುವುತ್ತ ಅದೇ ಅಳತೆಯಲ್ಲಿ ತುಂಬಿದ ಶೂರ ಈಗ ಮರದ ಮರೆಯಲ್ಲಿ!

ಅವಳು ಅಂಗಳಕ್ಕಿಳಿದು, ಬೀರುವಿನ ಕೈಯಿಂದ ಕೋವಿ ತೆಗೆದುಕೊಂಡು ಗಂಡನ ಮುಂದೆ ಹಿಡಿದಳು. "ಯಜಮಾನ್ರು ಎದುರಿಗಿದ್ದಾಗ ಆಳಿಗೆ ಎಂತಾ ಮರ್ಯಾದೆ? ನೀವೇ ಹೊಡೀರಿ."

ಭಟ್ಟರು ಬೀರುವಿನ ಮುಖ ನೋಡಲಿಲ್ಲ. "ಇವತ್ತು ಏಕಾದಶಿ ಅಲ್ದನೇ," ಎಂದು ಗೊಣಗುತ್ತ ಕೋವಿ ಬಿಚ್ಚಿ, ತೋಟಾವನ್ನು ಮೆಲ್ಲಗೆ ಹೊರಗೆಳೆದರು.