ಆಯಿಲ್ ಬ್ರೇಕು

"ಇನ್ನೂ ಜೋರಾಗಿ ಹಿಡಿ ಅಕ್ಕಾ!"

"ಹಿಡಿದೇ ಇದ್ದೀನಿ ಕಣೋ. ಇದಕ್ಕಿಂತ ಜೋರು ಈ ಕೈಗೆ ಬರಲ್ಲ."

ಸೈಕಲ್ ರಿಪೇರಿಯ ತಮ್ಮ ಮುಂದಿನ ಚಕ್ರವನ್ನು ಮತ್ತೆ ತಿರುಗಿಸಿದ. ಅಕ್ಕ ಹಲ್ಲು ಕಚ್ಚಿ ಬ್ರೇಕ್ ಅದುಮಿದರೂ ಅದು ಯಾರ ಹಂಗೂ ಇಲ್ಲದೆ ತಿರುಗುತ್ತಲೇ ಇತ್ತು. ಮುರಿದಿದ್ದ ಅವಳ ಬಲ ಮಣಿಕಟ್ಟೇನೋ ಕೂಡಿಕೊಂಡಿತ್ತು, ಬೆರಳಿಗೆ ಬಲ ಮರಳಿರಲಿಲ್ಲ. ಇಪ್ಪತ್ತೆರಡು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವಳು. ನಾಳೆ ಮೇಲಧಿಕಾರಿಯ ಎದುರು ಇಳಿಜಾರಿನಲ್ಲಿ ಸೈಕಲ್ ನಿಲ್ಲಿಸಿ ತೋರಿಸದಿದ್ದರೆ, ಇನ್ನು ಕಚೇರಿಯೊಳಗೆ ಕಾಗದ ವಿಂಗಡಿಸುವ ಕುರ್ಚಿಯೇ ಗತಿ. ಆ ಕುರ್ಚಿ ನೆನೆದರೇ ಅವಳಿಗೆ ಅಳು ಬರುತ್ತಿತ್ತು.

"ತಂತಿ ಬದಲು ಎಣ್ಣೆ ಒತ್ತಡದ ಆಯಿಲ್ ಬ್ರೇಕ್ ಹಾಕಿಬಿಡೋ. ಎರಡು ಬೆರಳು ಸಾಕಂತೆ."

"ಅದೆಲ್ಲ ಶೋಕಿ! ತಂತಿ ಬ್ರೇಕ್ ಕಿತ್ತುಹೋದ್ರೆ ಎಲ್ಲಿ ಬೇಕಾದ್ರೂ ಹೊಸ ತಂತಿ ಹಾಕ್ಕೋಬಹುದು. ಇದರಲ್ಲಿ ಎಣ್ಣೆ ಸೋರಿದ್ರೆ ನಡುಬೀದೀಲಿ ಯಾರನ್ನ ಕರೀತೀಯ?"

"ನಿನ್ನನ್ನೇ. ಇನ್ಯಾರನ್ನ?"

ತಮ್ಮ ಚಕ್ರ ಕಳಚಿ ಕೆಳಗಿಟ್ಟ. ಗೊಣಗುತ್ತಲೇ ಹೊಸ ಬ್ರೇಕ್ ಕೂರಿಸಿದ. ಚಕ್ರ ಇನ್ನೂ ಕೆಳಗೇ ಇತ್ತು. ಹಳೇ ಚಾಳಿ, ಬ್ರೇಕನ್ನು ಒಮ್ಮೆ ಅದುಮಿ ನೋಡಿದ. ತಂತಿಯದಾದರೆ ಬಿಟ್ಟ ಕೂಡಲೇ ಚಕ್ರ ಕಚ್ಚುವ ಪ್ಯಾಡುಗಳು ಹಿಂದೆ ಸರಿಯುತ್ತವೆ. ಇವು ಒಂದಕ್ಕೊಂದು ಅಂಟಿ ಕೂತವು! ನಡುವೆ ಚಕ್ರದ ಉಕ್ಕಿನ ಬಿಲ್ಲೆಯನ್ನು, ಅಂದರೆ ಡಿಸ್ಕನ್ನು, ತೂರಿಸಲು ಕೂದಲೆಳೆಯಷ್ಟೂ ಜಾಗವಿಲ್ಲ. ಮೂವತ್ತು ವರ್ಷ ಪಳಗಿದ ಮಿಸ್ತ್ರಿ ಬೆವತುಹೋದ.

"ಕೆಡಿಸಿಬಿಟ್ಟೆನಲ್ಲೇ ಅಕ್ಕಾ!"

"ಬ್ರೇಕಿನ ಡಬ್ಬದಲ್ಲಿರೋ ಕಾಗದ ಓದೋ, ಮಹಾರಾಯ!"

ಅಂಥ ಕಾಗದಗಳನ್ನು ಅವನು ಈವರೆಗೆ ಕೈ ಒರೆಸಿಕೊಳ್ಳಲಷ್ಟೇ ಬಳಸಿದ್ದ. ಅಕ್ಕ ಗಟ್ಟಿಯಾಗಿ ಓದಿದಳು. ನಡುವೆ ಡಿಸ್ಕ್ ಇಲ್ಲದಾಗ ಅದುಮಿದರೆ ಪ್ಯಾಡುಗಳು ಹೀಗೆ ಅಂಟುತ್ತವಂತೆ, ಕೆಟ್ಟಿಲ್ಲವಂತೆ. ಅದರಂತೆ ಅವನು ಟೈರ್ ಬಿಚ್ಚುವ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಪ್ಯಾಡುಗಳನ್ನು ಮೆಲ್ಲಗೆ ಅಗಲಿಸಿದ. ಡಿಸ್ಕ್ ಸಲೀಸಾಗಿ ಕೂತಿತು. ನಾಚುತ್ತಲೇ ಅವನು ಆ ಕಾಗದ ಮಡಿಚಿ ಜೇಬಿಗಿಟ್ಟ.

ಮರುದಿನ ಬೆಳಿಗ್ಗೆ ಇಳಿಜಾರಿನ ಬುಡದಲ್ಲಿ ಮೇಲಧಿಕಾರಿ ಸೀಮೆಸುಣ್ಣದ ಗೆರೆ ಎಳೆದು ನಿಂತಿದ್ದರು. ಪಕ್ಕದಲ್ಲಿ ತಮ್ಮ, ಜೀವ ಕೈಯಲ್ಲಿ ಹಿಡಿದುಕೊಂಡು. ಟಪಾಲು ಚೀಲದ ಸಮೇತ ಅಕ್ಕ ರಭಸದಿಂದ ಇಳಿದು ಬಂದಳು. ಅರ್ಧ ದಾರಿಯಲ್ಲಿ ಎಡಗೈಯನ್ನು ಹ್ಯಾಂಡಲ್ಲಿನಿಂದ ತೆಗೆದೇಬಿಟ್ಟಳು.

"ಅಯ್ಯೋ, ಎರಡೂ ಕೈಲಿ ಹಿಡಿಯೇ!" ತಮ್ಮ ಕೂಗಿದ.

ಬಲಗೈಯ ಎರಡು ಬೆರಳು ಮಡಿಚಿದವು. ಸೈಕಲ್ ಗೆರೆಗಿಂತ ಗೇಣು ಮುಂಚೆಯೇ ನಿಂತಿತು. ಎಡಗೈ ಆಗಲೇ ಚೀಲದಿಂದ ಲಕೋಟೆಯೊಂದನ್ನು ತೆಗೆದು ಮೇಲಧಿಕಾರಿಯ ಮುಂದೆ ಚಾಚಿತ್ತು.

"ನಿಮಗೊಂದು ರಿಜಿಸ್ಟರ್ ಪೋಸ್ಟ್ ಇದೆ ಸಾರ್. ಬೇಗ ಸಹಿ ಹಾಕಿ, ಇನ್ನೂ ನಾಲ್ಕು ಬೀದಿ ಸುತ್ತಬೇಕು."